ಅಂಕಣದಲ್ಲೊಬ್ಬ ಅಳಿಯ

ಹಾಲಿನವನು ಕೊಟ್ಟ ಹಾಲನ್ನು ಅವರು ಮೂಸಿ ನೋಡದೆ ಒಳಗೆ ತಂದವರಲ್ಲ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆಯುತ್ತಿದ್ದರು. ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ಕಡೆದ ತುಂಡಿನ ಅಳತೆ ತಪ್ಪಿದ್ದರೆ ತಮ್ಮ ಕೈಯನ್ನು ಅನುಮಾನಿಸುವರು, ಸರಿಯಿದ್ದರೆ ಮೈಕ್ರೋಮೀಟರನ್ನು ಅನುಮಾನಿಸಿ ಇನ್ನೊಂದು ಮೈಕ್ರೋಮೀಟರ್ ಕೇಳಿ ತರುವರು. ಹಾಗಾಗಿ ಬೆನ್ನ ಹಿಂದೆ ಅವರ ಹೆಸರೇ ಮೈಕ್ರೋಮೀಟರ್. ಎದುರಿಗೆ ಮಾತ್ರ ಮೇಷ್ಟ್ರು, ಏಕೆಂದರೆ ಪಾಳಿ ಮುಗಿದ ಮೇಲೆ ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಅವರೇ ಕೋಚ್.

ಈ ಸ್ವಭಾವವನ್ನು ಯಾರೂ ದೊಡ್ಡ ದೋಷವೆಂದು ಎಣಿಸಿರಲಿಲ್ಲ. ಪಕ್ಕದ ಯಂತ್ರದ ಸದ್ದು ಸರಿಯಿಲ್ಲವೆಂದು ಅವರು ಒಮ್ಮೆ ಕೆಲಸ ನಿಲ್ಲಿಸಿದ್ದರಿಂದಲೇ ಅದರ ಮುಂದೆ ನಿಂತಿದ್ದವನ ಬೆರಳು ಉಳಿದಿತ್ತು. ಯಂತ್ರದ ಸದ್ದಿನ ವಿಷಯದಲ್ಲಿ ಅವರ ಕಿವಿ ಅಷ್ಟು ಚುರುಕು. ತಮ್ಮ ಗಂಟಲಿನ ವಿಷಯದಲ್ಲಿ ಮಾತ್ರ ಹಾಗಲ್ಲ. ವರ್ಷಾನುಗಟ್ಟಲೆ ಲೇತಿನ ಗದ್ದಲದ ಮೇಲೆ ಮಾತಾಡಿ ಮಾತಾಡಿ, ಪಿಸುಗುಡುತ್ತಿದ್ದೇನೆ ಎಂದುಕೊಂಡಾಗಲೂ ಅವರ ದನಿ ಎದುರು ಮನೆಗೆ ಕೇಳಿಸುತ್ತಿತ್ತು. ಅಂಕಣದ ಬದಿಯಲ್ಲಿ ನಿಂತರಂತೂ ಬಾಯಿಗೆ ಬಿಡುವೇ ಇಲ್ಲ. ತಾವು ಎಷ್ಟು ಕೂಗುತ್ತೇವೆ, ಏನು ಕೂಗುತ್ತೇವೆ ಎಂಬುದು ಅವರಿಗೇ ಗೊತ್ತಿರಲಿಲ್ಲ.

ತಂಡದ ಆಟ ಸರಳವಾಗಿತ್ತು. ಚೆಂಡು ತರುವವನು ಇಲಿ. ಕುಳ್ಳ, ಯಾರ ಕಂಕುಳ ಕೆಳಗಾದರೂ ನುಸುಳುವವನು. ರಿಂಗಿನ ಬುಡದಲ್ಲಿ ಕಂಬ. ಹೆಸರೇ ಹೇಳುವಂತೆ ಎತ್ತರ, ಸ್ವಲ್ಪ ನಿಧಾನ. ಕಂಬ ಎದುರಾಳಿಗೆ ಅಡ್ಡ ನಿಂತಾಗ ಅವನ ಮರೆಯಿಂದ ಗುರಿ ಎಂಬವನು ಹೊರಬಂದು, ಇಲಿ ಕೊಟ್ಟ ಪಾಸ್ ಹಿಡಿದು, ದೂರದಿಂದ ಎಸೆಯಬೇಕು. ಎಡಮೂಲೆಯಿಂದ ಒಂದು ಬಗೆ, ಬಲಮೂಲೆಯಿಂದ ಇನ್ನೊಂದು. ಒಮ್ಮೊಮ್ಮೆ ಎದುರಾಳಿಗಳಿಗೆ ಆಸೆ ತೋರಿಸಲು ಗುರಿಯನ್ನು ಬರಿದೇ ಓಡಿಸಿ ಚೆಂಡನ್ನು ಕಂಬನಿಗೆ ಕೊಡುವುದೂ ಇತ್ತು. ಗುರಿಗೆ ಅರೆಗಳಿಗೆ ಬಿಡುವು ಸಿಕ್ಕರೆ ಸಾಕು, ಚೆಂಡು ರಿಂಗನ್ನು ಮುಟ್ಟದೆ ಬಲೆಯೊಳಗೆ ಇಳಿಯುತ್ತಿತ್ತು. ಲೀಗ್ ಹಂತದಲ್ಲಿ ತಂಡ ಗೆದ್ದದ್ದೆಲ್ಲ ಅವನ ಮಣಿಕಟ್ಟಿನಿಂದಲೇ.

ಈ ಗುರಿ ಕಾರ್ಖಾನೆಯ ಬಣ್ಣದ ವಿಭಾಗದವನು. ಲೀಗ್ ಮುಗಿದು ಪ್ಲೇಆಫ್ ಶುರುವಾಗುವ ನಡುವಿನ ಬಿಡುವಿನಲ್ಲಿ ಅವನಿಗೂ ಮೇಷ್ಟ್ರ ಒಬ್ಬಳೇ ಮಗಳಿಗೂ ಮದುವೆಯಾಯಿತು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಇಬ್ಬರೂ ಒಪ್ಪಿ ಆದ ಮದುವೆಯೇ ಆದರೂ ಮೇಷ್ಟ್ರು ಹುಡುಗನ ಹಳೆಯ ಬಾಡಿಗೆ ಮನೆಯ ಮಾಲೀಕನನ್ನೂ ಅವನ ಹಲ್ಲಿನ ಡಾಕ್ಟರನ್ನೂ ಕಂಡು ವಿಚಾರಿಸಿ ಬಂದಿದ್ದರು.

"ಹಲ್ಲು ಗಟ್ಟಿಯಾಗಿದೆ ಅಂದ್ರು," ಎಂದರು ಮನೆಯಲ್ಲಿ.

"ಏನ್ರೀ, ಅಳಿಯನ್ನ ತರ್ತಿದೀರೋ, ಕುದುರೆ ತರ್ತಿದೀರೋ?" ಎಂದರು ಹೆಂಡತಿ.

ಮದುವೆಯಾದ ಮೇಲೆ ಮೇಷ್ಟ್ರ ಮಾತು ಬದಲಾಯಿತು. ಮೊದಲು "ಲೋ ಗುರಿ, ನೆಟ್ಟಗೆ ನಿಲ್ಲೋ" ಎನ್ನುತ್ತಿದ್ದವರ ಬಾಯಲ್ಲಿ "ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ" ಬಂತು. ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ. ಮಾವ ಅಳಿಯನನ್ನು ಇನ್ನು ಹೇಗೆ ತಾನೇ ಮಾತಾಡಿಸಿಯಾರು?

ಪ್ಲೇಆಫ್‌ನಲ್ಲಿ ಎದುರಿಗೆ ಬಂದದ್ದು ವಿದ್ಯುತ್ ಕಚೇರಿಯ ತಂಡ. ಎಲ್ಲರ ಬಾಯಲ್ಲಿ ಅವರು ಕರೆಂಟಿನವರು. ಮೂರು ಆಟಗಳಲ್ಲಿ ಎರಡು ಗೆದ್ದವರಿಗೆ ಕಪ್.

ಮೊದಲ ಆಟದಲ್ಲೇ ಏನೋ ಎಡವಟ್ಟಾಯಿತು. ಗುರಿ ಕಂಬನ ಮರೆಯಿಂದ ಹೊರಬರುವ ಹೊತ್ತಿಗೆ ಅಲ್ಲಿ ಆಗಲೇ ಒಬ್ಬ ಕರೆಂಟಿನವನು ಕೈಯೆತ್ತಿ ನಿಂತಿರುತ್ತಿದ್ದ. ಎಡಕ್ಕೆ ಓಡಿದರೆ ಎಡಕ್ಕೆ, ಬಲಕ್ಕೆ ಓಡಿದರೆ ಬಲಕ್ಕೆ. ವಿಚಿತ್ರವೆಂದರೆ, ಆಸೆ ತೋರಿಸಲು ಬರಿದೇ ಓಡಿಸಿದಾಗ ಮಾತ್ರ ಅವನ ಹಿಂದೆ ಒಬ್ಬನೂ ಓಡಲಿಲ್ಲ. ಎಲ್ಲರೂ ಕಂಬನನ್ನು ಮುತ್ತಿಕೊಂಡರು. ಸಾಲದ್ದಕ್ಕೆ, ಅಪರೂಪಕ್ಕೆ ಬಿಡುವು ಸಿಕ್ಕಾಗಲೂ ಗುರಿಯ ಚೆಂಡು ರಿಂಗಿಗೆ ಬಡಿದು ಹೊರಗೆ ಹಾರಿತು. ತಂಡ ಸೋತಿತು.

"ಮದುವೆ ಊಟ ಇನ್ನೂ ಅರಗಿಲ್ಲ ಅನ್ಸುತ್ತೆ," ಎಂದ ಇಲಿ, ಶೂ ಬಿಚ್ಚುತ್ತ.

ಗುರಿ ನಗಲಿಲ್ಲ. ಮೇಷ್ಟ್ರೂ ನಗಲಿಲ್ಲ. ಆಡುವ ಮೊದಲೇ ಆಟ ಎದುರಾಳಿಗೆ ಗೊತ್ತಾಗಿದೆ ಎಂದರೆ ಯಾರೋ ಹೇಳಿದ್ದಾರೆ. ಹಾಗೆಂದುಕೊಂಡೇ ಅವರು ಹೊರಬಂದರು. ಗೇಟಿನಾಚೆ ಚಹದ ಅಂಗಡಿಯ ಬೆಂಚಿನ ಮೇಲೆ ಗುರಿ ಕರೆಂಟಿನವರ ಒಬ್ಬ ಆಟಗಾರನ ಜೊತೆ ಕೂತಿದ್ದ. ಅವನು ಗುರಿಯ ಚಿಕ್ಕಪ್ಪನ ಮಗ. ಸಂಬಂಧ ಮೇಷ್ಟ್ರಿಗೆ ಮೊದಲೇ ಗೊತ್ತಿತ್ತು, ಆದರೆ ಅಂದು ಅದರ ಬಣ್ಣವೇ ಬೇರೆಯಾಗಿ ಕಂಡಿತು. ಗೋಡೆಯ ಪಕ್ಕ ನಿಂತು ಕಿವಿಗೊಟ್ಟರು.

"ನಿನಗೆ ಅಷ್ಟು ಮರ್ಯಾದೆ ಸಿಕ್ತಿರೋವರೆಗೂ ನಮಗೇನೂ ಚಿಂತೆ ಇಲ್ಲ ಬಿಡಪ್ಪಾ!" ಎಂದು ಚಿಕ್ಕಪ್ಪನ ಮಗ ತೊಡೆ ತಟ್ಟಿಕೊಂಡು ನಗುತ್ತಿದ್ದ.

"ಸುಮ್ನಿರೋ, ಹೊಟ್ಟೆಕಿಚ್ಚು ನಿಂಗೆ," ಎಂದ ಗುರಿ.

ಮರ್ಯಾದೆ! ಮೇಷ್ಟ್ರಿಗೆ ಆ ಪದ ಮನೆಯವರೆಗೂ ಕಾಲಲ್ಲಿ ಮುರಿದ ಮುಳ್ಳಿನಂತೆ ಚುಚ್ಚಿತು. ಯಾವ ಮರ್ಯಾದೆ? ಯಾರು ಕೊಟ್ಟದ್ದು? ಕವರಿನಲ್ಲಿ ಹಾಕಿ ಕೊಡುವ ಮರ್ಯಾದೆಯೋ, ಮುಂದಿನ ವರ್ಷ ಕರೆಂಟಿನವರ ಕಚೇರಿಯಲ್ಲಿ ಕುರ್ಚಿ ಹಾಕಿ ಕೊಡುವ ಮರ್ಯಾದೆಯೋ?

ಅವರು ತಮ್ಮದೇ ಕ್ರಮದಲ್ಲಿ ಶೋಧನೆಗೆ ಇಳಿದರು. ಮೊದಲು ಆಟಗಳ ಸಂಕೇತ ಬದಲಿಸಿದರು. ಅದುವರೆಗೆ ಸುತ್ತಿಗೆ, ಅರ, ಇಕ್ಕಳ ಎಂದು ಕೂಗುತ್ತಿದ್ದುದು ತರಕಾರಿಗಳಾಯಿತು. ಎಡಮೂಲೆಗೆ ಬದನೇಕಾಯಿ, ಬಲಮೂಲೆಗೆ ಹೀರೇಕಾಯಿ.

"ಸಾರ್, ಕುಂಬಳಕಾಯಿ ಯಾವುದಕ್ಕೆ?" ಎಂದು ಕಂಬ ಗಂಭೀರವಾಗಿ ಕೇಳಿದ.

"ನಿನ್ನ ತಲೆಗೆ," ಎಂದರು ಮೇಷ್ಟ್ರು.

ಎರಡನೆಯ ಕ್ರಮ ಇನ್ನೂ ಸೂಕ್ಷ್ಮವಾದದ್ದು. ಗುರಿಯೊಬ್ಬನನ್ನೇ ಕರೆದು ಹೇಳಿದರು: "ನೋಡಿ, ಸೌತೇಕಾಯಿ ಅಂತ ಕೂಗಿದ್ರೆ ನೀವು ಅಂಕಣದ ನೆತ್ತಿಗೆ ಓಡಿ. ಮೂಲೆಗಲ್ಲ, ರಿಂಗಿನ ನೇರ ಎದುರಿಗೆ, ನೆತ್ತಿಗೆ. ಇದು ನಮ್ಮಿಬ್ಬರಲ್ಲೇ ಇರ್ಲಿ. ಇಲಿಗೂ ಅಲ್ಲೇ ಹೇಳ್ತೀನಿ." ಗುರಿ ತಲೆಯಾಡಿಸಿದ. ಈಗ ಕರೆಂಟಿನವರು ಅಲ್ಲಿಗೂ ಮೊದಲೇ ಬಂದು ನಿಂತರೆ ಹೇಳಿದವನು ಯಾರೆಂಬುದು ಸ್ಪಷ್ಟ. ಮೇಷ್ಟ್ರಿಗೆ ತಮ್ಮ ಉಪಾಯದಲ್ಲಿ ಎಲ್ಲಿಯೂ ಸಂದು ಕಾಣಲಿಲ್ಲ.

ಎರಡನೆಯ ಆಟ. ಬದನೇಕಾಯಿ ಕೂಗಿದರು, ಎಡಮೂಲೆಯಲ್ಲಿ ಕರೆಂಟಿನವನು ಸಿದ್ಧ. ಹೀರೇಕಾಯಿ, ಬಲಮೂಲೆಯಲ್ಲಿ ಸಿದ್ಧ. ಕೊನೆಗೆ ಸೌತೇಕಾಯಿ ಕೂಗಿದರು. ಗುರಿ ನೆತ್ತಿಗೆ ಓಡಿದ. ಅವನಿಗಿಂತ ಮುಂಚೆ ಇಬ್ಬರು ಅಲ್ಲಿಗೆ ಧಾವಿಸಿದರು. ಅವರಲ್ಲೊಬ್ಬ ಚಿಕ್ಕಪ್ಪನ ಮಗ.

ಮೇಷ್ಟ್ರು ಗುರಿಯನ್ನು ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿದರು. "ಸುಸ್ತಾಗಿದೀರಿ, ಕೂತ್ಕೊಳ್ಳಿ," ಎಂದರು. ಗುರಿ ಅವರ ಮುಖ ನೋಡಿ, ಟವೆಲನ್ನು ತಲೆಯ ಮೇಲೆ ಎಳೆದುಕೊಂಡ. ಅವನಿಲ್ಲದ ಆಟ ಒರಟೊರಟಾಗಿ ಸಾಗಿತು, ಆದರೆ ಕರೆಂಟಿನವರಿಗೆ ಇದ್ದಕ್ಕಿದ್ದಂತೆ ಏನೂ ಗೊತ್ತಾಗದಂತಾಯಿತು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡಬಡಾಯಿಸಿದರು. ಇಲಿ ಅವರ ನಡುವೆ ನುಸುಳಿ ನುಸುಳಿ ಅಂಕ ತಂದ. ಮೇಷ್ಟ್ರ ತಂಡ ಗೆದ್ದಿತು. ಲೆಕ್ಕ ಸಮಸಮ.

ಆದರೆ ಗೆಲುವೇ ಮೇಷ್ಟ್ರ ಎದೆಗೆ ಕಲ್ಲಿಟ್ಟಿತು. ಗುರಿ ಒಳಗಿದ್ದರೆ ಗುಟ್ಟು ಸೋರುತ್ತದೆ, ಹೊರಗಿದ್ದರೆ ನಿಲ್ಲುತ್ತದೆ. ಇದಕ್ಕಿಂತ ಸಾಕ್ಷಿ ಬೇಕೇ?

ಮರುದಿನ ಔಷಧಿ ಅಂಗಡಿಗೆ ಹೋದರು. ಮಗಳು ಮಾತ್ರೆಗಳ ಪಟ್ಟಿ ಕತ್ತರಿಸುತ್ತಿದ್ದಳು. ಗಿರಾಕಿ ಹೋಗುವವರೆಗೆ ಕಾದು, ತಮ್ಮ ಪ್ರಕಾರ ಪಿಸುದನಿಯಲ್ಲಿ ಹೇಳಿದರು: "ಒಂದು ಕೆಲಸ ಮಾಡು ಪುಟ್ಟೀ. ಅವರ ಫೋನ್ ಸ್ವಲ್ಪ ನೋಡು. ಆ ಚಿಕ್ಕಪ್ಪನ ಮಗನ ಹತ್ರ ಏನೇನು ಮಾತಾಡ್ತಾರೆ ಅಂತ."

ಹೊರಗೆ ಮೆಟ್ಟಿಲ ಮೇಲಿದ್ದ ಗಿರಾಕಿಯೂ ತಿರುಗಿ ನೋಡಿದ.

ಮಗಳು ಕತ್ತರಿ ಕೆಳಗಿಟ್ಟಳು. "ಅಪ್ಪಾ, ಹಾಲು ಮೂಸ್ತೀಯ, ಮೂಸು. ಬೀಗ ಎಳೀತೀಯ, ಎಳಿ. ಇದು ನನ್ನ ಗಂಡ. ಬೆಂಚ್ ಮೇಲೆ ಕೂತು ಬಂದಾಗಿಂದ ಅವರು ಸರಿಯಾಗಿ ಊಟ ಮಾಡಿಲ್ಲ. ನಾನೇನು ಮಾಡ್ದೆ ಅಂತ ನನ್ನನ್ನ ಕೇಳ್ತಾರೆ. ನಾನೇನು ಹೇಳ್ಲಿ?"

"ನಾನು ಕಣ್ಣಾರೆ ನೋಡಿದೀನಿ."

"ಹಾಗಾದ್ರೆ ಅವರನ್ನೇ ಕೇಳು. ಕೇಳೋಕೆ ಧೈರ್ಯ ಇಲ್ದಿದ್ರೆ ಅನುಮಾನ ಬಿಡು. ಎರಡೂ ಆಗಲ್ಲ ಅಂತ ಅವರನ್ನ ಕೊನೇ ಆಟದಿಂದ ಹೊರಗಿಟ್ಟೆ ಅಂದ್ರೆ, ನಾವಿಬ್ರೂ ನಿಮ್ಮನೆ ಮೆಟ್ಟಿಲು ಹತ್ತಲ್ಲ. ನಾನು ಹೇಳಿದ್ದು ಕೇಳಿಸ್ತಾ?"

ಕೇಳಿಸಿತ್ತು. ಮಗಳ ದನಿಯೂ ಅಪ್ಪನದ್ದೇ.

ಕಳೆದೆರಡು ಆಟಗಳನ್ನು ಕಾರ್ಖಾನೆಯ ಗುಮಾಸ್ತರೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು. ಮೇಷ್ಟ್ರು ಅದನ್ನು ತಮ್ಮ ಫೋನಿಗೆ ಹಾಕಿಸಿಕೊಂಡು, ರಜೆಯ ದಿನ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಡಬ್ಬಕ್ಕೆ ಒರಗಿಸಿಟ್ಟು ಕೂತರು. ಗುರಿ ಎಲ್ಲಿ ಸನ್ನೆ ಮಾಡುತ್ತಾನೆಂದು ಹಿಡಿಯಬೇಕಿತ್ತು. ಕೈ ನೋಡಿದರು, ಹುಬ್ಬು ನೋಡಿದರು, ಮೂಗು ಒರೆಸಿಕೊಂಡ ಕಡೆ ನಿಲ್ಲಿಸಿ ಮತ್ತೆ ನೋಡಿದರು. ಏನೂ ಸಿಗಲಿಲ್ಲ. ಹೆಂಡತಿ ಬೆನ್ನು ಹಾಕಿ ನಿಂತು ಪಾತ್ರೆ ತೊಳೆಯುತ್ತಿದ್ದರು.

"ಈಗ ಚೆಂಡು ಅಳಿಯಂದ್ರ ಕೈಗೆ," ಎಂದರು ಹೆಂಡತಿ, ತಿರುಗದೆಯೇ.

ಚೆಂಡು ಗುರಿಯ ಕೈಗೆ ಹೋಯಿತು. ಮೇಷ್ಟ್ರು ಗಮನ ಕೊಡಲಿಲ್ಲ.

"ಇದು ಕಂಬನಿಗೆ."

ಕಂಬನಿಗೇ ಹೋಯಿತು. ಮೇಷ್ಟ್ರು ತಲೆಯೆತ್ತಿದರು.

"ಮತ್ತೆ ಅಳಿಯಂದ್ರು. ಪಾಪ, ಇಬ್ಬಿಬ್ರು ಮೇಲೆ ಬೀಳ್ತಾರೇನೋ."

ಬಿದ್ದರು. ಮೇಷ್ಟ್ರು ಚಿತ್ರ ನಿಲ್ಲಿಸಿದರು. ಹೆಂಡತಿ ಆಟ ನೋಡಲು ಬಂದಿರಲಿಲ್ಲ. ಬೆನ್ನು ಈ ಕಡೆಗಿದೆ, ಕೈಯಲ್ಲಿ ಬಾಣಲೆ. ಒಂದು ಗಳಿಗೆ, ಇಷ್ಟು ವರ್ಷ ಜೊತೆಗೆ ಬಾಳಿದ ಹೆಂಗಸಿಗೂ ಕರೆಂಟಿನವರಿಗೂ ಏನು ಸಂಬಂಧ ಎಂದು ಅವರ ಮನಸ್ಸು ಹುಡುಕಿಬಿಟ್ಟಿತು.

"ನಿನಗ್ಯಾರು ಹೇಳಿದ್ದು?"

"ಏನನ್ನ?"

"ಚೆಂಡು ಯಾರಿಗೆ ಹೋಗುತ್ತೆ ಅಂತ!"

ಹೆಂಡತಿ ಬಾಣಲೆ ಹಿಡಿದುಕೊಂಡೇ ತಿರುಗಿದರು. "ಒಳ್ಳೇ ಕತೆ ಆಯ್ತಲ್ಲ. ನೀವೇ ತಾನೇ ಊರಿಗೆಲ್ಲ ಕೇಳೋ ಹಾಗೆ ಕೂಗ್ತಿರೋದು? ಅಳಿಯಂದ್ರಾದ್ರೆ 'ಬನ್ನಿ, ಬನ್ನಿ, ಎಡಕ್ಕೆ ಬನ್ನಿ' ಅಂತೀರ. ಬೇರೆಯವರಾದ್ರೆ 'ಬಾರೋ, ಬಾರೋ' ಅಂತೀರ. ಅದಕ್ಕೂ ಯಾರಾದ್ರೂ ಹೇಳ್ಬೇಕಾ?"

ಮೇಷ್ಟ್ರು ಫೋನಿನ ಪರದೆಯನ್ನು ಕವುಚಿ ಹಾಕಿ ದನಿಯನ್ನಷ್ಟೇ ಕೇಳಿದರು. ಬದನೇಕಾಯಿ, ಬನ್ನಿ ಬನ್ನಿ. ಹೀರೇಕಾಯಿ, ಹೋಗಿ ಹೋಗಿ ಬಲಕ್ಕೆ ಹೋಗಿ. ನಿಲ್ಲೋ ಕಂಬ, ತಗೊಳ್ಳೋ. ಸೌತೇಕಾಯಿ, ಓಡಿ, ಮೇಲಕ್ಕೆ ಓಡಿ. ಸಂಕೇತ ಬದಲಿಸಿದ್ದರು, ಗುಟ್ಟು ಹಂಚುವವನನ್ನು ಹಿಡಿಯಲು ಬಲೆ ಹಾಕಿದ್ದರು, ಎಲ್ಲವನ್ನೂ ಪರೀಕ್ಷಿಸಿದ್ದರು. ತಮ್ಮ ಬಾಯೊಂದನ್ನು ಬಿಟ್ಟು. ಹತ್ತು ಮಂದಿ ಆಟಗಾರರಿರುವ ಅಂಕಣದಲ್ಲಿ ಬಹುವಚನ ಸಿಗುತ್ತಿದ್ದುದು ಒಬ್ಬನಿಗೆ ಮಾತ್ರ. ಚಿಕ್ಕಪ್ಪನ ಮಗ ಹೇಳಿದ ಮರ್ಯಾದೆ ಅದೇ. ಕವರಿನಲ್ಲಿ ಬಂದದ್ದಲ್ಲ, ಮೇಷ್ಟ್ರ ಗಂಟಲಿನಿಂದಲೇ ಬಂದದ್ದು.

"ಪಾಪ ಆ ಮಗು," ಎಂದಷ್ಟೇ ಹೇಳಿ ಹೆಂಡತಿ ಮತ್ತೆ ನಲ್ಲಿಯ ಕಡೆ ತಿರುಗಿದರು.

ಕೊನೆಯ ಆಟದ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಗುರಿ ದೂರದ ಮೂಲೆಯಲ್ಲಿ ಚೀಲ ಇಟ್ಟುಕೊಂಡು ಕೂತಿದ್ದ. ಮೇಷ್ಟ್ರು ಎಲ್ಲರೆದುರು ಗಂಟಲು ಸರಿಮಾಡಿಕೊಂಡರು.

"ಗುಟ್ಟು ಸೋರಿದ್ದು ನನ್ನ ಬಾಯಿಂದ. ಬೇರೆ ಯಾರ ಮೇಲೋ ಅನುಮಾನ ಪಟ್ಟೆ. ಅದು ತಪ್ಪು." ಗುರಿಯ ಕಡೆ ನೋಡದೆ, ಗೋಡೆಯ ಮೊಳೆಗೆ ಹೇಳಿದಂತೆ ಹೇಳಿದರು. ಆಮೇಲೆ ಬನ್ನಿ-ಬಾರೋ ಸಂಗತಿ ವಿವರಿಸಿದರು. "ಅದಕ್ಕೆ ಇವತ್ತು ಎಲ್ಲರಿಗೂ ಬಹುವಚನ. ಎಲ್ಲರೂ 'ನೀವು'."

"ನಂಗೂನಾ ಸಾರ್?" ಇಲಿ ಎದೆ ಮುಟ್ಟಿಕೊಂಡ. "ನಮ್ಮ ಮನೇಲಿ ನಾಯಿ ಕೂಡ ನನ್ನನ್ನ ಏಕವಚನದಲ್ಲೇ ಬೊಗಳೋದು."

ಕೋಣೆ ನಕ್ಕಿತು. ಗುರಿ ಶೂ ಲೇಸು ಕಟ್ಟುತ್ತ ತಲೆ ತಗ್ಗಿಸಿಕೊಂಡೇ ಇದ್ದ. ನಕ್ಕನೋ ಇಲ್ಲವೋ ಕಾಣಲಿಲ್ಲ. ಅದನ್ನು ಕಾಣಬೇಕೆಂದು ಮೇಷ್ಟ್ರು ಬಗ್ಗಿಯೂ ನೋಡಿದರು.

ಮೊದಮೊದಲು ಉಪಾಯ ಫಲಿಸಿತು. "ಇಲಿಯವರೇ, ಬನ್ನಿ! ಕಂಬದವರೇ, ನಿಲ್ಲಿ!" ಎಂದು ಮೇಷ್ಟ್ರು ಕೂಗಿದಾಗ ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡರು, ಕರೆಂಟಿನವರು ಕಕ್ಕಾಬಿಕ್ಕಿಯಾದರು. ಆದರೆ ಆಟ ಕಾವೇರಿದಂತೆ ನಾಲಗೆ ತನ್ನ ಹಳೆಯ ದಾರಿ ಹಿಡಿಯಿತು. ಇಲಿ ಮತ್ತೆ "ಲೋ" ಆದ, ಕಂಬ "ಏಯ್" ಆದ. ಅಳಿಯಂದ್ರು ಮಾತ್ರ "ಬನ್ನಿ"ಯಲ್ಲೇ ಉಳಿದರು. ಚಿಕ್ಕಪ್ಪನ ಮಗ ಮತ್ತೆ ನಗತೊಡಗಿದ. ಅಂಕಗಳ ಅಂತರ ಬೆಳೆಯಿತು. ಮೇಷ್ಟ್ರು ಟೈಮ್ ಔಟ್ ಕೇಳಿದರು.

ಗುರಿ ನೀರು ಕುಡಿದು, ಬಾಟಲಿ ಕೆಳಗಿಟ್ಟು, ಮೊದಲ ಬಾರಿಗೆ ಅವರ ಮುಖ ನೇರವಾಗಿ ನೋಡಿದ.

"ಮಾವ, ಒಂದ್ಮಾತು ಹೇಳ್ಲಾ? ನನ್ನ ಮದುವೆಗೆ ಮುಂಚೆ ಹೆಂಗೆ ಬೈತಿದ್ರೋ ಹಂಗೇ ಬೈರಿ."

"ಅದು ಹೇಗಾಗುತ್ತೆ... ಅಲ್ಲಿ ನಿಮ್ಮ ತಂದೆ ಕೂತಿದಾರೆ."

"ಅವರೂ ಬೈತಾರೆ ನನಗೆ. ನೀವು 'ಬನ್ನಿ' ಅಂದಾಗೆಲ್ಲ ನಂಗೆ ಚೆಂಡು ಹಿಡಿಯೋದೇ ಮರ್ತೋಗುತ್ತೆ. ಕೈ ತೊಳ್ಕೊಂಡು ಊಟಕ್ಕೆ ಕೂರಬೇಕು ಅನ್ಸುತ್ತೆ. ನೆಂಟರ ಮನೆಗೆ ಬಂದ ಹಾಗೆ. ನೆಂಟರ ಮನೇಲಿ ಯಾರಾದ್ರೂ ಬಾಲ್ ಎಸೀತಾರಾ?"

ಮೇಷ್ಟ್ರು ಕತ್ತೆತ್ತಿದರು. ಮೇಲೆ ಪ್ರೇಕ್ಷಕರ ಸಾಲಿನಲ್ಲಿ ಹೆಂಡತಿ, ಮಗಳು, ಪಕ್ಕದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದ ಬೀಗರು. ಅವರ ಕತ್ತಿನಲ್ಲಿ ಅಳತೆಯ ಟೇಪು ಇನ್ನೂ ಹಾಗೆಯೇ ನೇತಾಡುತ್ತಿತ್ತು. ಆಟ ಮತ್ತೆ ಶುರುವಾಯಿತು. "ಬಾ..." ಎಂದರು ಮೇಷ್ಟ್ರು. "ಬಾ... ರಪ್ಪಾ," ಎಂದರು. ಅದು ಯಾವ ವಚನ ಎಂದು ಕರೆಂಟಿನವರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಗುರಿ ಕೈಗೆ ಬಂದ ಚೆಂಡನ್ನು ಜಾರಿಸಿಬಿಟ್ಟ.

"ಲೋ ಗುರಿ, ಕಣ್ಣು ಎಲ್ಲಿಟ್ಟಿದೀಯೋ, ಕತ್ತೆ!"

ಮೇಷ್ಟ್ರಿಗೆ ತಮ್ಮ ಮಾತು ತಮಗೇ ಕೇಳಿಸಿತು, ಬಹುಶಃ ಜೀವಮಾನದಲ್ಲಿ ಮೊದಲ ಸಲ. ಬೆದರಿ ಮೇಲೆ ನೋಡಿದರು. ಬೀಗರು ಎದ್ದು ನಿಂತಿದ್ದರು. ಆಮೇಲೆ ಕೈ ಬಾಯಿಗೆ ಹಿಡಿದು ಅವರೂ ಕೂಗಿದರು: "ಇನ್ನೂ ಬೈರಿ ಬೀಗರೇ! ಮನೇಲಿ ಲೋಟನೂ ಹಿಂಗೇ ಬೀಳಿಸ್ತಾನೆ!"

ಗುರಿ ನಗುತ್ತಿದ್ದ. ಮುಂದಿನ ಚೆಂಡು ರಿಂಗನ್ನು ಮುಟ್ಟದೆ ಒಳಗಿಳಿಯಿತು. ಅದರ ಮುಂದಿನದೂ ಇಳಿಯಿತು. "ಹೊಡಿಯೋ, ಓಡೋ, ತಿರುಗೋ" ಎಂಬ ಕೂಗಿನ ಸುರಿಮಳೆಯಲ್ಲಿ ಯಾವ ಬೈಗುಳ ಯಾರಿಗೆಂದು ಕರೆಂಟಿನವರು ಹುಡುಕುತ್ತಲೇ ಉಳಿದರು. ಅಂತರ ಕರಗಿ ಒಂದಕ್ಕೆ ಬಂತು. ಕೊನೆಯ ಚೆಂಡು ಮೇಷ್ಟ್ರ ತಂಡದ ಕೈಯಲ್ಲಿತ್ತು.

ಇಲಿ ಚೆಂಡು ಪುಟಿಸುತ್ತ ನಿಂತು ಬದಿಗೆ ನೋಡಿದ. ಮೇಷ್ಟ್ರು ಒಮ್ಮೆ ಗುರಿಯನ್ನು ನೋಡಿ ಉಸಿರೆಳೆದುಕೊಂಡರು.

"ಅಳಿಯಂದ್ರೇ! ಎಡಕ್ಕೆ ಬನ್ನಿ! ದಯವಿಟ್ಟು ಬನ್ನಿ!"

ಗುರಿಗೆ ಅರ್ಥವಾಯಿತು. ನೆಂಟನಂತೆ ಎಡಮೂಲೆಗೆ ಹೋಗಿ ನಿಂತ. ಚಿಕ್ಕಪ್ಪನ ಮಗ ಓಡಿಬಂದ, ಇನ್ನೊಬ್ಬನೂ ಓಡಿಬಂದ. ಕಂಬನನ್ನು ಕಾಯುತ್ತಿದ್ದವನೂ ಎರಡು ಹೆಜ್ಜೆ ಇತ್ತ ಸರಿದ. ಇಲಿಯ ಪಾಸ್ ಗುರಿಗೇ ಬಂತು. ಇಬ್ಬರ ಕೈಗಳ ಮೇಲಿಂದ ಎಸೆದು ಹೆಸರು ಗಳಿಸುವ ಆಸೆ ಅವನಿಗೂ ಇತ್ತೇನೋ. ಆದರೆ ಅವನು ಚೆಂಡನ್ನು ನೆಲಕ್ಕೆ ಪುಟಿಸಿ ಕಂಬನಿಗೆ ದಾಟಿಸಿದ. ಕಂಬ ತನ್ನ ಎಂದಿನ ನಿಧಾನದಲ್ಲೇ ಕೈಯೆತ್ತಿ ಹಾಕಿದ. ಚೆಂಡು ರಿಂಗಿನ ಸುತ್ತ ಅನುಮಾನಿಸುತ್ತ ಸುತ್ತಿ, ಒಳಗೆ ಬಿತ್ತು.

ಆ ಸಂಜೆ ಬಾಗಿಲು ಬಡಿದ ಸದ್ದಿಗೆ ಮೇಷ್ಟ್ರೇ ಹೋದರು. ಮೊದಲು ಕಿಂಡಿಯಿಂದ ಇಣುಕಿ, ಆಮೇಲೆ ತೆರೆದರು. ಮಗಳು ಮತ್ತು ಗುರಿ ಮೆಟ್ಟಿಲ ಮೇಲಿದ್ದರು.

"ಒಳಗೆ... ಬರೋದು," ಎಂದರು ಮೇಷ್ಟ್ರು.

"ಏನಂದ್ರಿ ಮಾವ? ಸರಿಯಾಗಿ ಕೇಳಿಸ್ಲಿಲ್ಲ," ಎಂದ ಗುರಿ.

"ಬಾರೋ ಒಳಗೆ!"

ಮಗಳು ಮಾತ್ರ ಹೊಸ್ತಿಲಾಚೆಯೇ ನಿಂತಿದ್ದಳು. "ನನಗೆ 'ಬನ್ನಿ' ಅನ್ನು. ಫೋನ್ ನೋಡು ಅಂದ್ಯಲ್ಲ, ಅದಕ್ಕೆ."

"ಬನ್ನಿ ತಾಯಿ, ದಯಮಾಡಿ ಬನ್ನಿ," ಎಂದರು ಮೇಷ್ಟ್ರು. ಕೈ ತಾನಾಗಿ ಅವಳ ನೆತ್ತಿಗೆ ಹೋಯಿತು. ಅವಳು ಒಳಗೆ ಬಂದಳು.

ಆಗಲೇ ಕಂಡದ್ದು, ಅವಳ ಹಿಂದೆ ಇನ್ನೊಬ್ಬ. ಚಿಕ್ಕಪ್ಪನ ಮಗ. "ನಾನೂ ಬರ್ಲಾ ಸಾರ್? ಕಪ್ ಅಂತೂ ಸಿಗ್ಲಿಲ್ಲ, ಊಟನಾದ್ರೂ ಸಿಗ್ಲಿ."

ಮೇಷ್ಟ್ರು ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದರು. ಬಾ ಎನ್ನಲಿಲ್ಲ, ಬನ್ನಿ ಎನ್ನಲಿಲ್ಲ. ಕೈ ಸನ್ನೆಯಿಂದಲೇ ಒಳಗೆ ಕರೆದು, ಬಾಗಿಲು ಮುಚ್ಚಿ, ಚಿಲಕ ಎಳೆದು ನೋಡಿದರು. ಊಟದುದ್ದಕ್ಕೂ ಅವರು ತುಟಿ ಬಿಚ್ಚಲಿಲ್ಲ. ಉಪ್ಪು ಬೇಕಾದರೆ ಬೆರಳು ತೋರಿಸಿದರು, ಅನ್ನ ಸಾಕಾದರೆ ಅಂಗೈ ಅಡ್ಡ ಹಿಡಿದರು.

"ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡ್ರಾ?" ಎಂದರು ಹೆಂಡತಿ.

ಮೇಷ್ಟ್ರು ಚಿಕ್ಕಪ್ಪನ ಮಗನ ಕಡೆಗೊಮ್ಮೆ ನೋಡಿ, ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, ಪಿಸುಗುಟ್ಟಿದರು.

"ಮುಂದಿನ ವರ್ಷಕ್ಕೆ ಈಗಿಂದ್ಲೇ ಕೇಳಿಸ್ಕೊಳ್ತಿದಾನೆ."

ಎದುರು ಮನೆಯವರು ಕಿಟಕಿಗೆ ಬಂದು ಇಣುಕಿದರು.